ಹೋದ ವಿದ್ಯುತ್ತು ಹಿಂದಿರುಗುವ ದಾರಿ

ಹಳೆಯ ಕಾರನ್ನು ಇಟ್ಟುಕೊಂಡವರೆಲ್ಲರೂ ಒಂದು ಮಾತನ್ನು ಒಪ್ಪುತ್ತಾರೆ: ಎಂಜಿನ್ನಿನ ಕಾಯಿಲೆಗೆ ಅಷ್ಟಾಗಿ ಹೆದರಬೇಕಾಗಿಲ್ಲ, ವೈರಿಂಗಿನ ಕಾಯಿಲೆಗೆ ಹೆದರಬೇಕು. ಎಂಜಿನ್ನು ಕೆಟ್ಟರೆ ಸದ್ದು ಬದಲಾಗುತ್ತದೆ, ಹೊಗೆ ಬರುತ್ತದೆ, ಎಣ್ಣೆ ಸೋರುತ್ತದೆ. ಕಣ್ಣು, ಕಿವಿ, ಮೂಗುಗಳಿಗೆ ಏನಾದರೊಂದು ಸುಳಿವು ಸಿಗುತ್ತದೆ. ವಿದ್ಯುತ್ತಿನ ದೋಷಕ್ಕೆ ರೂಪವಿಲ್ಲ. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನ ಇರುವುದಿಲ್ಲ. ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಹೀಗಾಗಿ ಅದನ್ನು ದೆವ್ವದ ಕಾಟವೆಂಬಂತೆ ಭಾವಿಸಿ, ಒಂದಾದ ಮೇಲೊಂದು ಭಾಗವನ್ನು ಬದಲಾಯಿಸುತ್ತ ಹೋಗುವುದೇ ರೂಢಿ. ನನ್ನ ಅನುಭವದಲ್ಲಿ ಆ ದೆವ್ವಕ್ಕೂ ಒಂದು ವಿಳಾಸವುಂಟು. ಅದು ಬಹುಮಟ್ಟಿಗೆ ಭಾಗಗಳಲ್ಲಿ ವಾಸಿಸುವುದಿಲ್ಲ. ಭಾಗಗಳು ಕೂಡುವ ಸಂಧಿಗಳಲ್ಲಿ, ಅದರಲ್ಲೂ ವಿದ್ಯುತ್ತು ಹಿಂದಿರುಗುವ ದಾರಿಯಲ್ಲಿ ವಾಸಿಸುತ್ತದೆ.

ನನ್ನ ತರಗತಿಯಲ್ಲಿ ಕುಳಿತವರಿಗೆ ಟಾರ್ಚಿನ ಶೆಲ್ಲು, ಪುಟ್ಟ ಬಲ್ಬು ಮತ್ತು ಎರಡು ತಂತಿಗಳ ಪ್ರಯೋಗ ನೆನಪಿರಬಹುದು. ಒಂದೇ ತಂತಿ ಜೋಡಿಸಿದರೆ ಬಲ್ಬು ಉರಿಯುವುದಿಲ್ಲ. ಎರಡನೆಯದನ್ನು ಶೆಲ್ಲಿನ ಬುಡಕ್ಕೆ ಮುಟ್ಟಿಸಿದೊಡನೆ ಬೆಳಗುತ್ತದೆ. ಹೋದ ವಿದ್ಯುತ್ತು ಹೊರಟಲ್ಲಿಗೇ ಹಿಂದಿರುಗಬೇಕು, ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ ಎಂಬುದು ಆ ಪಾಠದ ಸಾರ. ಕಾರಿನಲ್ಲಿ ಈ ಎರಡನೆಯ ತಂತಿ ಕಣ್ಣಿಗೆ ಬೀಳುವುದಿಲ್ಲ. ತಾಮ್ರವನ್ನು ಉಳಿಸಲೆಂದು ಕಾರಿನ ಕಬ್ಬಿಣದ ಮೈಯನ್ನೇ ಹಿಂದಿರುಗುವ ತಂತಿಯಾಗಿ ಬಳಸುತ್ತಾರೆ. ಇದನ್ನೇ ಮೆಕ್ಯಾನಿಕ್ಕುಗಳು ‘ಅರ್ತು’ ಎನ್ನುತ್ತಾರೆ. ಕಾಣುವ ತಂತಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಕಾಣದ್ದನ್ನು ಮರೆಯುತ್ತಾರೆ. ಇಷ್ಟನ್ನು ಹೇಳಿ, ನಮ್ಮ ಭಾವನವರ ಅಂಬಾಸಿಡರ್ ಕಾರಿನ ವೃತ್ತಾಂತಕ್ಕೆ ಬರುತ್ತೇನೆ.

ಅದು 1982ರ ಮಾರ್ಕ್ 4. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ತಂದು, ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಕಾರು ಅಂಬಾಸಿಡರ್. ಹೊರಗಿನ ಅಲಂಕಾರ ಬದಲಾದರೂ ಒಳಗಿನ ವಿದ್ಯುತ್ ವ್ಯವಸ್ಥೆಯ ಹಂದರ ಬಹುಕಾಲ ಹಳೆಯ ಬ್ರಿಟಿಷ್ ಕಾರುಗಳದ್ದೇ ಆಗಿತ್ತು. ಭಾವ ಹಿಂದೆಯೇ ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದ್ದರು, ಉಳಿದದ್ದೆಲ್ಲ ಮೂಲದ್ದೇ.

2009ರ ಮಳೆಗಾಲದಲ್ಲಿ ಆ ಕಾರಿನ ಮೇಲೆ ಬಿದ್ದ ಹೊಣೆ ಸಣ್ಣದಲ್ಲ. ನನ್ನ ಅಕ್ಕನಿಗೆ ಮೂರು ವಾರಕ್ಕೊಮ್ಮೆ ಮಣಿಪಾಲದಲ್ಲಿ ಚಿಕಿತ್ಸೆ. ತೀರ್ಥಹಳ್ಳಿಯ ಕಡೆಯ ಹಳ್ಳಿಯಿಂದ ನಸುಕಿನಲ್ಲಿ ಹೊರಟು ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿಯ ಮೇಲೆ ಹೋಗಬೇಕು. ಹಿಂದಿರುಗುವಾಗ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತುವ ಹೊತ್ತಿಗೆ ಕತ್ತಲೆ. ಚಿಕಿತ್ಸೆಯಾದ ದಿನ ಬಸ್ಸಿನ ಕುಲುಕಾಟವನ್ನು ಆಕೆ ತಡೆಯುತ್ತಿರಲಿಲ್ಲ. ಜೂನ್ ತಿಂಗಳಿನ ಒಂದು ಸಂಜೆ, ಸುರಿಯುವ ಮಳೆಯಲ್ಲಿ, ಆರನೆಯದೋ ಏಳನೆಯದೋ ತಿರುವಿನಲ್ಲಿ ಹೆಡ್‌ಲೈಟುಗಳು ಎಣ್ಣೆ ತೀರಿದ ಹಣತೆಯಂತೆ ಕೆಂಪಗಾದವು. ವೈಪರ್ ನಿಧಾನವಾಯಿತು. ಭಾವ ಎಂಜಿನ್ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಹೊರಡುತ್ತಿರಲಿಲ್ಲ. ಮುಂದೆ ಹೋಗುತ್ತಿದ್ದ ಲಾರಿಯೊಂದರ ಹಿಂದಿನ ದೀಪವನ್ನು ನೋಡಿಕೊಂಡು ಮೇಲಕ್ಕೆ ಬಂದರು. ಹಿಂದಿನ ಸೀಟಿನಲ್ಲಿ ಮಲಗಿದ್ದ ಅಕ್ಕ ಮನೆಗೆ ಬಂದ ಮೇಲೆ, “ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ, ಆದರೆ ಇವರ ಉಸಿರಾಟ ಕೇಳಿ ಎಲ್ಲ ಗೊತ್ತಾಯಿತು” ಎಂದಳು.

ಅದಕ್ಕೆ ಮೊದಲೇ ಪೇಟೆಯ ಗ್ಯಾರೇಜೊಂದರಲ್ಲಿ ಆ ಕಾರಿಗೆ ಹೊಸ ಬ್ಯಾಟರಿ ಹಾಕಲಾಗಿತ್ತು, ಸೆಲ್ಫ್ ಮೋಟಾರನ್ನು ಬಿಚ್ಚಿ ಬ್ರಶ್ಶು ಬದಲಾಯಿಸಲಾಗಿತ್ತು, ಆಲ್ಟರ್ನೇಟರನ್ನೂ ತೋರಿಸಲಾಗಿತ್ತು. ಪ್ರತಿ ಸಲವೂ ಹತ್ತು ದಿನ ಚೆನ್ನಾಗಿ ಓಡಿ ಮತ್ತೆ ಅದೇ ಕಥೆ. ಬೆಂಗಳೂರಿನಲ್ಲಿದ್ದ ಮಕ್ಕಳು ಕಾರನ್ನು ಗುಜರಿಗೆ ಕೊಟ್ಟುಬಿಡಿ ಎಂದು ಹಟ ಹಿಡಿದರು. ಅವರ ಆತಂಕ ಸಹಜವೇ. ಭಾವ ನನ್ನನ್ನು ಕರೆದು, “ಮೂವತ್ತು ವರ್ಷ ಮಕ್ಕಳಿಗೆ ಕರೆಂಟಿನ ಪಾಠ ಹೇಳಿದವನಲ್ಲವೇನಯ್ಯ ನೀನು? ಮುಂದಿನ ಸಲ ಹೊರಡುವುದರೊಳಗೆ ಕಾರಣ ಗೊತ್ತಾದರೆ ಇಟ್ಟುಕೊಳ್ಳುತ್ತೇನೆ. ಇಲ್ಲವಾದರೆ ಕೊಟ್ಟೇಬಿಡುತ್ತೇನೆ. ಅವಳನ್ನು ಕೂರಿಸಿಕೊಂಡು ಇನ್ನೊಮ್ಮೆ ಹಾಗೆ ಘಾಟಿ ಹತ್ತುವ ಧೈರ್ಯ ನನಗಿಲ್ಲ” ಎಂದರು. ನಮ್ಮ ಕೈಯಲ್ಲಿ ಹನ್ನೆರಡು ದಿನಗಳಿದ್ದವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಸ್ಸು, ಲಾರಿಗಳ ವೈರಿಂಗ್ ಕೆಲಸ ಮಾಡುತ್ತಾನೆ. ಅವನು ದಿನವೂ ಸಂಜೆ ಬಂದು ಜೊತೆಯಾದ. ನಮ್ಮ ಬಳಿ ಇದ್ದ ಉಪಕರಣವೆಂದರೆ ಒಂದು ಮಲ್ಟಿಮೀಟರು, ಒಂದು ಟೆಸ್ಟ್ ಲ್ಯಾಂಪು ಮತ್ತು ಒಂದು ನೋಟುಪುಸ್ತಕ.

ಮೊದಲ ದಿನ ಯಾವ ಬೋಲ್ಟನ್ನೂ ಮುಟ್ಟದೆ ಲಕ್ಷಣಗಳನ್ನಷ್ಟೇ ಬರೆದುಕೊಂಡೆವು. ಒಂದು, ಸೆಲ್ಫ್ ಹೊಡೆದರೆ ಎಂಜಿನ್ನು ಸೋಮಾರಿಯಂತೆ ತಿರುಗುತ್ತದೆ. ಎರಡು, ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಮೂರು, ಹೆಡ್‌ಲೈಟು ಮಂದ. ನಾಲ್ಕು, ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಕೂಡ ಸಣ್ಣಗೆ ಬೆಳಗುತ್ತದೆ. ಐದು, ಎರಡು ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಸೋರಿಹೋಗುತ್ತದೆ. ಬರೆದು ಮುಗಿಸುವಾಗ ಭಾವ ಮತ್ತೊಂದನ್ನು ಸೇರಿಸಿದರು: “ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಚೋಕಿನ ಗುಂಡಿ ಬಿಸಿಯಾಗುತ್ತದೆ ಕಣಯ್ಯ. ಗ್ಯಾರೇಜಿನವರು ಹೇಳಿದರೆ ನಗುತ್ತಾರೆ.”

ನಗುವ ವಿಷಯವಲ್ಲ, ಅಸಲು ಸುಳಿವೇ ಅದು. ಎಂಜಿನ್ನು ರಬ್ಬರ್ ದಿಂಬುಗಳ ಮೇಲೆ ಕುಳಿತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದ್ದರಿಂದ ಎಂಜಿನ್ನಿನಿಂದ ಕಾರಿನ ಮೈಗೆ ಹೆಣೆದ ತಾಮ್ರದ ದಪ್ಪ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಸೆಲ್ಫ್ ಮೋಟಾರು ತಿರುಗುವಾಗ ನೂರು ಆಂಪಿಯರಿಗೂ ಮಿಕ್ಕ ವಿದ್ಯುತ್ತು ಈ ಪಟ್ಟಿಯ ಮೂಲಕವೇ ಬ್ಯಾಟರಿಗೆ ಹಿಂದಿರುಗಬೇಕು. ಪಟ್ಟಿಯ ಹಿಡಿತ ಕೆಟ್ಟರೆ ಅದು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಮೈಗೂ ಸಂಬಂಧ ಕಲ್ಪಿಸುವ ಇನ್ನೊಂದು ಲೋಹದ ವಸ್ತುವೆಂದರೆ ಕಾರ್ಬ್ಯುರೇಟರಿಗೆ ಹೋಗುವ ಚೋಕಿನ ಸಣ್ಣ ಉಕ್ಕಿನ ಕೇಬಲ್ಲು. ಹೊಳೆ ಹರಿಯುವಷ್ಟು ನೀರು ಕಾಲುವೆಗೆ ನುಗ್ಗಿದಂತೆ, ಆ ಕೇಬಲ್ಲು ಕಾಯುತ್ತದೆ. ಹಾಗೆಯೇ ಬಿಟ್ಟರೆ ಅದರ ಹೊದಿಕೆ ಕರಗಿ ಬೆಂಕಿಗೂ ದಾರಿಯಾಗುತ್ತದೆ.

ಊಹೆಯನ್ನು ಅಳತೆಯಿಂದ ದೃಢಪಡಿಸಿಕೊಳ್ಳಬೇಕಷ್ಟೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಂತಿ ಸರಿಯಿದೆಯೇ ಎಂದು ನೋಡಲು ಬಹಳ ಮಂದಿ ಮೀಟರನ್ನು ಓಮ್‌ಗೆ ತಿರುಗಿಸಿ, ‘ಬೀಪ್’ ಎಂದರೆ ಸರಿ ಎಂದುಕೊಳ್ಳುತ್ತಾರೆ. ನೂರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಬೀಪ್ ಎನ್ನುತ್ತದೆ. ಹಗ್ಗದ ಗಟ್ಟಿತನವನ್ನು ಖಾಲಿ ಬಿಂದಿಗೆ ಕಟ್ಟಿ ನೋಡಿದರೆ ತಿಳಿಯದು, ತುಂಬಿದ ಬಿಂದಿಗೆಯನ್ನೇ ಎತ್ತಿ ನೋಡಬೇಕು. ಹಾಗೆಯೇ ವಿದ್ಯುತ್ತು ಹರಿಯುತ್ತಿರುವಾಗಲೇ ತಂತಿಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆಯಬೇಕು. ಒಳ್ಳೆಯ ತಂತಿಯಲ್ಲಿ ಅದು ಸೊನ್ನೆಗೆ ಹತ್ತಿರವಿರುತ್ತದೆ. ಏನಾದರೂ ತೋರಿಸಿದರೆ, ಅಷ್ಟು ವೋಲ್ಟೇಜನ್ನು ಆ ತಂತಿಯೋ ಅದರ ಸಂಧಿಯೋ ದಾರಿಯಲ್ಲೇ ತಿಂದುಹಾಕುತ್ತಿದೆ ಎಂದರ್ಥ.

ಎಂಜಿನ್ನು ಹೊತ್ತಿಕೊಳ್ಳದಂತೆ ಕಾಯಿಲಿನ ತಂತಿಯನ್ನು ಬಿಡಿಸಿಟ್ಟು, ಭಾವನವರಿಂದ ಸೆಲ್ಫ್ ಹೊಡೆಸಿದೆವು. ಬ್ಯಾಟರಿಯ ತಲೆಗಳ ನಡುವೆ 10.6 ವೋಲ್ಟು; ಅದು ಸರಿಯೇ. ಸೆಲ್ಫ್ ಮೋಟಾರಿಗೆ ಸಿಕ್ಕಿದ್ದು 7.9 ಮಾತ್ರ. ನಡುವೆ ಮಾಯವಾದ 2.7ರಲ್ಲಿ, ಹೋಗುವ ದಾರಿಯಲ್ಲಿ ಕಳೆದದ್ದು ಕೇವಲ 0.3, ಎಂಜಿನ್ನಿಗೂ ಕಾರಿನ ಮೈಗೂ ನಡುವೆ, ಅಂದರೆ ಹಿಂದಿರುಗುವ ದಾರಿಯಲ್ಲಿ, 2.4. ಪೂರ್ವ ಪರೀಕ್ಷೆಯ ಲೆಕ್ಕದಂತೆ ಓಮ್‌ನ ನಿಯಮ ಹಾಕಿದರೆ, 120 ಆಂಪಿಯರಿಗೆ ಪಟ್ಟಿಯ ರೋಧ 0.02 ಓಮ್. ಎಷ್ಟು ಅಲ್ಪ! ನಮ್ಮ ಮೀಟರಿನ ಓಮ್ ಮಾಪಕ ಅದನ್ನು ಗುರುತಿಸಲೂ ಆರದು. ಆದರೆ ಹರಿವು ದೊಡ್ಡದಾದಾಗ ಅಲ್ಪವೂ ಅನರ್ಥಕ್ಕೆ ಸಾಕು.

ಅದೇ ಪಟ್ಟಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಆಲ್ಟರ್ನೇಟರಿನ ಮೈ ಎಂಜಿನ್ನಿಗೆ ಬಿಗಿದಿರುವುದರಿಂದ ಬ್ಯಾಟರಿಯನ್ನು ತುಂಬುವ ವಿದ್ಯುತ್ತಿನ ಸುತ್ತೂ ಅದರ ಮೂಲಕವೇ ಪೂರ್ಣವಾಗಬೇಕು. ದೀಪ, ವೈಪರುಗಳನ್ನು ಹಾಕಿ ಎಂಜಿನ್ ಓಡಿಸಿದಾಗ ಆಲ್ಟರ್ನೇಟರಿನ ಬಳಿ 14.1 ವೋಲ್ಟಿದ್ದರೆ ಬ್ಯಾಟರಿಯ ಬಳಿ 13.2. ಸೀಸದ ಬ್ಯಾಟರಿ ತುಂಬಲು ಸುಮಾರು 14 ಬೇಕು. ಹಗಲಿನಲ್ಲಿ ಹೇಗೋ ನಡೆದೀತು. ಮಳೆಗಾಲದ ರಾತ್ರಿ ಖರ್ಚು ಹೆಚ್ಚು, ಆದಾಯ ಕಡಿಮೆ. ಹೊಸ ಬ್ಯಾಟರಿ ಹತ್ತು ದಿನದಲ್ಲಿ ಸೊರಗುತ್ತಿದ್ದುದಕ್ಕೆ ಬ್ಯಾಟರಿ ಕಾರಣವಲ್ಲ, ಆಲ್ಟರ್ನೇಟರೂ ಕಾರಣವಲ್ಲ. ಹೀಗೆ ಮೊದಲ ಎರಡು ಲಕ್ಷಣಗಳಿಗೆ ಒಂದೇ ಮೂಲ ಸಿಕ್ಕಿತು.

ಕಾರಿನಡಿ ನುಸುಳಿದ ನನ್ನ ವಿದ್ಯಾರ್ಥಿ, “ಸಾರ್, ಪಟ್ಟಿ ನೋಡೋಕೆ ಚೆನ್ನಾಗೇ ಇದೆ. ಆದರೆ ಪೇಂಟಿನ ಮೇಲೆ ಕೂರಿಸಿದಾರೆ” ಎಂದು ಕೂಗಿ ಹೇಳಿದ. ಹಿಂದೊಮ್ಮೆ ಕ್ಲಚ್ ಪ್ಲೇಟು ಬದಲಾಯಿಸಲು ಎಂಜಿನ್ ಇಳಿಸಿದಾಗ ಅಡಿಭಾಗಕ್ಕೆಲ್ಲ ಕಪ್ಪು ಬಣ್ಣ ಬಳಿದು, ಆ ಬಣ್ಣದ ಮೇಲೆಯೇ ಪಟ್ಟಿಯ ಲಗ್ಗನ್ನು ಬಿಗಿದಿದ್ದರು. ಬಣ್ಣವು ವಿದ್ಯುತ್ತಿಗೆ ಗೋಡೆ. ಬೋಲ್ಟಿನ ಮರೆಗಳಷ್ಟೇ ಹೇಗೋ ಸಂಬಂಧವನ್ನು ಉಳಿಸಿಕೊಂಡಿದ್ದವು; ಮಲೆನಾಡಿನ ಮಳೆಗೆ ಅವೂ ತುಕ್ಕು ಹಿಡಿದವು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಓಡಾಡುವ ಕಾರಿಗೆ ಇದು ತಪ್ಪಿದ್ದಲ್ಲ. ಎಮರಿ ಕಾಗದದಿಂದ ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿಯನ್ನು ಹಲ್ಲಿನ ವಾಷರು ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. ಪಟ್ಟಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಎರಡು ವೋಲ್ಟು ದಾಟಿದ್ದ ನಷ್ಟ 0.2ಕ್ಕಿಂತ ಕೆಳಗಿಳಿಯಿತು. ಸೆಲ್ಫಿನ ಸದ್ದು ಕೇಳಿ ಅಕ್ಕ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು.

ಹೆಡ್‌ಲೈಟಿನ ಕಥೆ ಸ್ವಲ್ಪ ಬೇರೆ. ಆ ಕಾಲದ ವಿನ್ಯಾಸದಲ್ಲಿ ಎರಡೂ ದೀಪಗಳ ಪೂರ್ಣ ವಿದ್ಯುತ್ತು, ಹತ್ತು ಆಂಪಿಯರಿನಷ್ಟು, ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಡಿಪ್ಪರಿಗೆ ಹೋಗಿ, ಮತ್ತೆ ಮುಂದಕ್ಕೆ ಸಾಗಬೇಕು. ಪ್ರತಿ ಸಂಧಿಯೂ ಒಂದು ಸುಂಕದ ಕಟ್ಟೆ. ಬ್ಯಾಟರಿಯಲ್ಲಿ 13.7 ಇದ್ದಾಗ ದೀಪಕ್ಕೆ ಮುಟ್ಟುತ್ತಿದ್ದುದು 11.2. ಕಳೆದ 2.5ರ ಲೆಕ್ಕ ಹೀಗಿತ್ತು: ಸ್ವಿಚ್ಚಿನಲ್ಲಿ 0.6, ಡಿಪ್ಪರಿನಲ್ಲಿ 0.5, ತಂತಿ ಮತ್ತು ಅವುಗಳ ಜೋಡಣೆಗಳಲ್ಲಿ 0.5, ಮಡ್‌ಗಾರ್ಡಿನ ತಗಡಿಗೆ ತಿರುಪಿನಿಂದ ಕೂರಿಸಿದ್ದ ಅರ್ತಿನಲ್ಲಿ 0.9. ಇಲ್ಲಿಯೂ ದೊಡ್ಡ ಕಳ್ಳ ಹಿಂದಿರುಗುವ ದಾರಿಯವನೇ. ಎರಡೂವರೆ ವೋಲ್ಟು ಹೆಚ್ಚೇನಲ್ಲ ಎನ್ನಿಸಬಹುದು. ಆದರೆ ಕಾದ ತಂತಿಯಿಂದ ಬೆಳಗುವ ಬಲ್ಬಿನಲ್ಲಿ ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಬೆಳಕು ಅರ್ಧಕ್ಕೆ ಬಂದಿತ್ತು. ದೀಪಗಳಿಗೆ ಪ್ರತ್ಯೇಕ ಅರ್ತು ತಂತಿ ಎಳೆದು, ನಡುವೆ ರಿಲೇ ಹಾಕಿದೆವು. ರಿಲೇ ಇದ್ದರೆ ಹಳೆಯ ಸ್ವಿಚ್ಚು ಆಜ್ಞೆಯನ್ನಷ್ಟೇ ಕೊಡುತ್ತದೆ, ಭಾರ ಹೊರುವುದಿಲ್ಲ. ಭಾರದ ವಿದ್ಯುತ್ತು ದಪ್ಪ ತಂತಿಯಲ್ಲಿ ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ಹೋಗುತ್ತದೆ.

ಆ ಕಾರಿನ ಹೆಡ್‌ಲೈಟುಗಳಿಗೆ ಫ್ಯೂಸೇ ಇರಲಿಲ್ಲ. ಒಂದು ಫ್ಯೂಸು ಹೋಗಿ ಎರಡೂ ದೀಪಗಳು ಥಟ್ಟನೆ ಆರಬಾರದೆಂಬುದು ಹಳೆಯ ಬ್ರಿಟಿಷ್ ವಿನ್ಯಾಸಕಾರರ ಎಣಿಕೆ. ನಾವು ಎಡಕ್ಕೊಂದು, ಬಲಕ್ಕೊಂದು ಫ್ಯೂಸು ಹಾಕಿದೆವು. ಒಂದು ಹೋದರೂ ಇನ್ನೊಂದು ದಾರಿ ತೋರುತ್ತದೆ. ಇದ್ದ ಗಾಜಿನ ಫ್ಯೂಸುಗಳಲ್ಲಿ ಒಂದಕ್ಕೆ ಯಾರೋ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿದ್ದರು. ಫ್ಯೂಸು ತಾನು ಸತ್ತು ತಂತಿಯನ್ನು ಉಳಿಸುವ ವಸ್ತು. ಅದಕ್ಕೆ ಕಾಗದ ಸುತ್ತುವುದೆಂದರೆ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟಂತೆ. ಓದುವವರಲ್ಲಿ ಯಾರಾದರೂ ಹೀಗೆ ಮಾಡಿಸಿಕೊಂಡಿದ್ದರೆ ಇಂದೇ ತೆಗೆಸಿಬಿಡಿ.

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುವುದಕ್ಕೂ ಹಿಂದಿನ ದೀಪದ ಅರ್ತೇ ಕಾರಣ. ಮುಂಬಾಗಿಲು ಹಾಕಿರುವಾಗ ಪಕ್ಕದ ಮನೆಯ ಹಿತ್ತಿಲಿನಿಂದ ಹಾದುಹೋಗುವವರಂತೆ, ಬ್ರೇಕ್ ದೀಪದ ವಿದ್ಯುತ್ತು ತನ್ನ ದಾರಿ ಮುಚ್ಚಿದ್ದರಿಂದ ಇಂಡಿಕೇಟರಿನ ಬಲ್ಬಿನ ಮೂಲಕ ನುಸುಳುತ್ತಿತ್ತು. ದೀಪದ ತಳವನ್ನು ಉಜ್ಜಿ ಬಿಗಿದೊಡನೆ ನಿಂತಿತು.

ಉಳಿದದ್ದು ಬ್ಯಾಟರಿ ತಾನಾಗಿ ಸೋರುವುದು. ಎಲ್ಲವನ್ನೂ ಆರಿಸಿ, ಬ್ಯಾಟರಿಯ ಋಣ ತಲೆಯ ತಂತಿ ಬಿಚ್ಚಿ, ನಡುವೆ ಮೀಟರನ್ನು ಆಂಪಿಯರಿನಲ್ಲಿಟ್ಟು ಜೋಡಿಸಿದಾಗ 0.42 ತೋರಿಸಿತು. ದಿನಕ್ಕೆ ಹತ್ತು ಆಂಪಿಯರ್-ಗಂಟೆ. 60 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನದಲ್ಲಿ ಅರ್ಧ ಖಾಲಿ. ಫ್ಯೂಸುಗಳನ್ನು ಒಂದೊಂದಾಗಿ ತೆಗೆದರೂ ಅಂಕಿ ಕದಲಲಿಲ್ಲ. ಅಂದರೆ ಫ್ಯೂಸಿಲ್ಲದೆ, ಆಮೇಲೆ ಎಳೆದ ಯಾವುದೋ ತಂತಿ. ನನ್ನ ವಿದ್ಯಾರ್ಥಿ ಕ್ಷಣ ಯೋಚಿಸಿ, “ಸಾರ್, ಹನ್ನೆರಡು ವೋಲ್ಟಿಗೆ 0.42 ಅಂದರೆ ಐದು ವ್ಯಾಟು. ಎಲ್ಲೋ ಒಂದು ಐದು ವ್ಯಾಟಿನ ಬಲ್ಬು ಉರೀತಿದೆ” ಎಂದ. ಕಾರಿನ ಒಳಗೂ ಹೊರಗೂ ಎಲ್ಲ ಕತ್ತಲೆ. ಆಗ ಭಾವ, ಹಿಂದೆ ಸಾಮಾನು ಇಳಿಸುವ ಅನುಕೂಲಕ್ಕೆಂದು ಡಿಕ್ಕಿಯೊಳಗೊಂದು ಬಲ್ಬು ಹಾಕಿಸಿದ್ದನ್ನು ನೆನಪಿಸಿಕೊಂಡರು. ಮುಚ್ಚಿದ ಡಿಕ್ಕಿಯಲ್ಲಿ ದೀಪ ಆರಿದೆಯೋ ಇಲ್ಲವೋ ನೋಡುವುದು ಹೇಗೆ? ಅವನು ತನ್ನ ಮೊಬೈಲಿನಲ್ಲಿ ವೀಡಿಯೊ ಹಾಕಿ ಒಳಗಿಟ್ಟು ಮುಚ್ಚಳ ಹಾಕಿದ. ತೆಗೆದು ನೋಡಿದರೆ ಪೂರ್ತಿ ಬೆಳಕು! ಮುಚ್ಚಳ ಒತ್ತಿದಾಗ ಆರಿಸಬೇಕಾದ ಗುಂಡಿ ಸ್ವಿಚ್ಚು ತುಕ್ಕು ಹಿಡಿದು ಸಿಕ್ಕಿಹಾಕಿಕೊಂಡಿತ್ತು. ಕಪ್ಪುಹಲಗೆಯ ಮೇಲೆ ನಾನು ಬರೆದ W = VI ಎಂಬ ಸೂತ್ರವನ್ನು ಅವನು ಅಷ್ಟು ವರ್ಷಗಳ ಮೇಲೆ ಹೀಗೆ ನನಗೇ ಹಿಂದಿರುಗಿಸಿದ ಆ ಸಂಜೆಯ ಸಂತೋಷವನ್ನು ವಿವರಿಸಲಾರೆ.

ಒಂಬತ್ತನೆಯ ದಿನ, ಕತ್ತಲಾದ ಮೇಲೆ, ಭಾವ ಮತ್ತು ನಾನು ಇಬ್ಬರೇ ಘಾಟಿ ಇಳಿದು ಸೋಮೇಶ್ವರದವರೆಗೆ ಹೋಗಿ ಹತ್ತಿ ಬಂದೆವು. ಮಳೆಯಿತ್ತು. ಒಂದು ತಿರುವಿನಲ್ಲಿ ಬೇಕೆಂದೇ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮತ್ತೆ ಚಾಲೂ ಮಾಡಿದರು. ಒಂದೇ ಸೆಲ್ಫಿಗೆ ಹೊರಟಿತು. ಅವರು ಏನೂ ಹೇಳಲಿಲ್ಲ. ಚೋಕಿನ ಗುಂಡಿಯನ್ನು ಮುಟ್ಟಿ ನೋಡಿ, ತಣ್ಣಗಿದೆ ಎಂಬಂತೆ ತಲೆಯಾಡಿಸಿದರು. ಮುಂದಿನ ಒಂದು ವರ್ಷ, ಚಿಕಿತ್ಸೆ ಮುಗಿಯುವವರೆಗೆ, ಅಕ್ಕ ಆ ಕಾರಿನಲ್ಲಿಯೇ ಹೋಗಿಬಂದಳು. ಮಕ್ಕಳೂ ಆಮೇಲೆ ಗುಜರಿಯ ಮಾತೆತ್ತಲಿಲ್ಲ.

ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಪದ್ಮಿನಿಯೋ, ಚೇತಕ್ಕೋ, ಮೈಸೂರಿನಲ್ಲಿ ತಯಾರಾದ ಯೆಜ್ಡಿಯೋ ನಿಂತಿದ್ದರೆ, ಕೆಲವು ಮಾತುಗಳನ್ನು ನೆನಪಿಡಿ. ಮೊದಲು ಲಕ್ಷಣಗಳನ್ನು ಬರೆಯಿರಿ. ಮನೆಯವರು ಹೇಳುವ ವಿಚಿತ್ರವಾದ ಸಣ್ಣ ಮಾತನ್ನೂ ಬಿಡಬೇಡಿ. ಅಳೆಯದೆ ಏನನ್ನೂ ಬದಲಾಯಿಸಬೇಡಿ. ಒಂದು ಸಲಕ್ಕೆ ಒಂದೇ ದುರಸ್ತಿ ಮಾಡಿ ಮತ್ತೆ ಅಳೆಯಿರಿ. ತಂತಿಯ ಬಣ್ಣ ಮಾಸಿದ್ದರೆ ಸುತ್ತಿದ ಟೇಪನ್ನು ಒಂದಿಂಚು ಬಿಡಿಸಿ, ಒಳಗೆ ಮೂಲ ಬಣ್ಣ ಉಳಿದಿರುತ್ತದೆ. ಬ್ಯಾಟರಿ ಬಿಚ್ಚುವಾಗ ಮೈಗೆ ಸೇರಿದ ಅರ್ತಿನ ತಂತಿಯನ್ನೇ ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಿ. ಆಗ ಸ್ಪ್ಯಾನರು ಅಕಸ್ಮಾತ್ ಕಾರಿನ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ.

ಇನ್ನೊಂದು. ಕೆಲಸ ಮುಗಿದ ಮೇಲೆ ನಾವು ಹೊಸದಾಗಿ ಎಳೆದ ಪ್ರತಿಯೊಂದು ತಂತಿಯನ್ನೂ, ರಿಲೇ ಮತ್ತು ಫ್ಯೂಸುಗಳ ಜಾಗವನ್ನೂ, ಅರ್ತಿನ ಎಲ್ಲ ತಿರುಪುಗಳನ್ನೂ ಗುರುತಿಸಿ ಒಂದು ಹಾಳೆಯಲ್ಲಿ ಚಿತ್ರ ಬರೆದೆವು. ಹೋಗುವ ದಾರಿಗೆ ಕೆಂಪು ಶಾಯಿ, ಹಿಂದಿರುಗುವ ದಾರಿಗೆ ಕಪ್ಪು. ಭಾವ ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ಆರ್‌ಸಿ ಪುಸ್ತಕದ ಜೊತೆಗಿಟ್ಟಿದ್ದಾರೆ. ನಮ್ಮ ತರುವಾಯ ಆ ಕಾರಿನ ಬಾನೆಟ್ಟು ತೆರೆಯುವವರು ಯಾರೋ ತಿಳಿಯದು. ಅವರಿಗೆ ಕಾಣದ ತಂತಿಯೂ ಕಾಣಲಿ ಎಂಬುದಷ್ಟೇ ನಮ್ಮ ಉದ್ದೇಶ.